ಮರದ ಮೇಲಿನ ಬಣ್ಣಕ್ಕೆ ಜಾಮೀನು ಯಾರು?

ಪ್ಲಾಸ್ಟಿಕ್ ಸಾಕು, ಮಗುವಿಗೆ ಮರದ ಆಟಿಕೆಯನ್ನೇ ಕೊಡಿಸೋಣ ಎನ್ನುವ ಮಾತು ಈಗ ದೊಡ್ಡಬಳ್ಳಾಪುರದ ಹೊಸ ಬಡಾವಣೆಗಳಲ್ಲೂ ಕೇಳಿಬರುತ್ತದೆ, ದೇವನಹಳ್ಳಿ ವಿಮಾನ ನಿಲ್ದಾಣದ ಆಸುಪಾಸಿನ ಅಪಾರ್ಟ್‌ಮೆಂಟುಗಳಲ್ಲೂ ಕೇಳಿಬರುತ್ತದೆ. ಮಾತು ಒಳ್ಳೆಯದೇ. ಅದರ ಬೆನ್ನಿಗೆ ಒಂದು ನಂಬಿಕೆಯೂ ಅಂಟಿಕೊಂಡಿದೆ: ಮರ ಎಂದಮೇಲೆ ಭಯವಿಲ್ಲ. ಈ ನಂಬಿಕೆ ಅರ್ಧ ಮಾತ್ರ ನಿಜ. ಹಲ್ಲು ಬರುವ ಕಾಲದಲ್ಲಿ ಮಗು ಕಚ್ಚಿ, ಚೀಪಿ, ಉಜ್ಜಿ ನುಂಗುವುದು ಮರದ ಮೇಲೆ ಬಳಿದ ಬಣ್ಣ. ಒಳಗೆ ಬೀಟೆಯೇ ಇರಲಿ, ಬೇವೇ ಇರಲಿ, ಹೊರಗಿನ ಪದರದಲ್ಲಿ ಏನಿದೆ ಎನ್ನುವುದೇ ಪ್ರಶ್ನೆ.

ನಮ್ಮ ಜಿಲ್ಲೆ ಆಟಿಕೆ ತಯಾರಿಗೆ ಹೆಸರಾದದ್ದಲ್ಲ, ಸಾಮಾನು ಹಾದುಹೋಗುವ ದಾರಿ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಹೊರದೇಶದ ಪೆಟ್ಟಿಗೆಗಳು ಅಲ್ಲಿನ ಏರ್ ಕಾರ್ಗೋ ಸಂಕೀರ್ಣದಲ್ಲಿ ಇಳಿಯುತ್ತವೆ. ಚೆನ್ನೈ ಬಂದರಿಗೆ ಬಂದ ಕಂಟೈನರುಗಳು ರೈಲಿನಲ್ಲಿ ವೈಟ್‌ಫೀಲ್ಡಿನ ಡಿಪೋ ಸೇರುತ್ತವೆ. ಅಲ್ಲಿಂದ ಹೊಸಕೋಟೆಗೆ ಎಷ್ಟು ದೂರ? ಹೊಸಕೋಟೆ, ನೆಲಮಂಗಲ, ದಾಬಸ್‌ಪೇಟೆಗಳ ಹೆದ್ದಾರಿ ಬದಿಯಲ್ಲಿ ರಾಗಿ ಹೊಲಗಳಿದ್ದ ಜಾಗದಲ್ಲಿ ತಗಡಿನ ಭಾರಿ ಗೋದಾಮುಗಳು ನಿಂತಿವೆ. ದಾಬಸ್‌ಪೇಟೆ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯ ಬಹುಮಾದರಿ ಸರಕು ಸಾಗಣೆ ಪಾರ್ಕಿನ ಯೋಜನೆಯೂ ಇದೆ. ಮೊಬೈಲಿನಲ್ಲಿ ಬೆರಳೊತ್ತಿ ತರಿಸಿಕೊಳ್ಳುವ ಬಣ್ಣಬಣ್ಣದ ಮರದ ರೈಲು, ಅಕ್ಷರದ ದಿಮ್ಮಿ, ಉಂಗುರ ಪೇರಿಸುವ ಗೋಪುರ ಇಂಥದೊಂದು ಗೋದಾಮಿನ ಕಪಾಟಿನಿಂದಲೇ ನಮ್ಮ ಮನೆಬಾಗಿಲಿಗೆ ಬರುತ್ತದೆ. ಹಾಗಾಗಿ ಆಮದಾದ ಆಟಿಕೆಯ ಸುರಕ್ಷತೆ ದೆಹಲಿಯ ಕಡತದಲ್ಲಿ ಮುಗಿಯುವ ವಿಷಯವಲ್ಲ, ನಮ್ಮ ತಾಲ್ಲೂಕುಗಳ ವಿಷಯವೂ ಹೌದು.

ಬಣ್ಣದ ಬಗ್ಗೆ ಇಷ್ಟು ತಕರಾರು ಯಾಕೆ? ಸೀಸದ ಕಾರಣಕ್ಕೆ. ಗಾಢ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಕ್ರೋಮೇಟ್ ಹಳೆಯ ಕಾಲದ, ಅಗ್ಗದ, ಮಾಸದ ವರ್ಣದ್ರವ್ಯ. ಬಣ್ಣ ಬೇಗ ಒಣಗಲಿ ಎಂದು ಬೆರೆಸುವ ವಸ್ತುವಿನಲ್ಲೂ ಸೀಸದ ಸಂಯುಕ್ತ ಇರಬಹುದು. ಮಗುವಿನ ಕಣ್ಣು ಸೆಳೆಯುವುದೂ ಇದೇ ಕೆಂಪು, ಇದೇ ಹಳದಿ. ದೊಡ್ಡವರು ಮತ್ತು ಮಕ್ಕಳು ಒಂದೇ ಪ್ರಮಾಣದ ಸೀಸ ನುಂಗಿದರೂ ಮಕ್ಕಳ ಮೈ ಅದರಲ್ಲಿ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಾದರೆ ಪರವಾಗಿಲ್ಲ ಎನ್ನಬಹುದಾದ ಸುರಕ್ಷಿತ ಮಟ್ಟ ಯಾವುದೂ ಗೊತ್ತಿಲ್ಲ ಎನ್ನುವುದೂ ಆ ಸಂಸ್ಥೆಯದೇ ಮಾತು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇದ್ದರೆ ಸೀಸ ಇನ್ನೂ ಸುಲಭವಾಗಿ ಒಳಸೇರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮೂರ ಮಗುವಿಗೆ ಬಣ್ಣದ ವಿಷಯದಲ್ಲಿ ಜರ್ಮನಿಯ ಮಗುವಿಗಿಂತ ಹೆಚ್ಚಿನ ಕಾವಲು ಬೇಕು ಎಂದೇ ನನಗೆ ಅನಿಸುತ್ತದೆ.

ಸೀಸದ ವಿಷ ಜ್ವರದಂತೆ ಕಾಣಿಸಿಕೊಳ್ಳುವುದಿಲ್ಲ. ಮಗು ಮಂಕಾಗುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತದೆ, ಹಠ ಹೆಚ್ಚುತ್ತದೆ, ಹೊಟ್ಟೆನೋವು ಎನ್ನುತ್ತದೆ. ಇದಕ್ಕೆಲ್ಲ ಮನೆಯಲ್ಲಿ ಬೇರೆ ಬೇರೆ ಕಾರಣ ಹೇಳುತ್ತೇವೆ, ಆಟಿಕೆಯ ಬಣ್ಣ ಯಾರಿಗೂ ನೆನಪಾಗುವುದಿಲ್ಲ. ಈ ಸಂಗತಿಯನ್ನು ದೇಶದ ಮುಂದಿಟ್ಟ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲೇ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸ ಸಿಕ್ಕಿತು. ಆ ಕೆಲಸದ ಮುಂಚೂಣಿಯಲ್ಲಿದ್ದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಮುಂದೆ ಅಲ್ಲಿಯೇ ಸೀಸದ ಅಧ್ಯಯನಕ್ಕೆಂದು ರಾಷ್ಟ್ರೀಯ ಕೇಂದ್ರವನ್ನು ನಡೆಸಿದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಬಣ್ಣದಿಂದ ಹೊರಬೀಳಲು ಇನ್ನೂ ಬಹಳ ಕಾಲ ಹಿಡಿಯಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದು ಗೃಹಬಳಕೆಯ, ಅಲಂಕಾರದ ಬಣ್ಣಕ್ಕೆ ಹಾಕಿದ ಮಿತಿ. ಕಾರ್ಖಾನೆಗಳ ಕೆಲಸಕ್ಕೆ ಬಳಸುವ ಬಣ್ಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಹೊರದೇಶದ ಕಾರ್ಖಾನೆಯೊಂದು ತನ್ನ ಮರದ ಕುದುರೆಗೆ ಯಾವ ಡಬ್ಬಿಯ ಬಣ್ಣ ಬಳಿಯಿತು ಎನ್ನುವುದಂತೂ ಆ ನಿಯಮದ ಕೈಗೆ ಎಟುಕದ ಮಾತು.

ಬಣ್ಣದ ಡಬ್ಬಿ ಬದಲಾದರೆ ಏನಾಗುತ್ತದೆ ಎಂದು ಜಗತ್ತಿಗೆ ತೋರಿಸಿದ್ದು 2007. ಆ ವರ್ಷದ ಜೂನ್‌ನಲ್ಲಿ ಅಮೆರಿಕದ ಆರ್‌ಸಿ2 ಕಂಪನಿ ಚೀನಾದಲ್ಲಿ ತಯಾರಿಸಿದ 'ಥಾಮಸ್' ಮರದ ರೈಲಿನ ಎಂಜಿನು, ಡಬ್ಬಿ, ಬಿಡಿಭಾಗಗಳನ್ನು, ಒಟ್ಟು ಸುಮಾರು 15 ಲಕ್ಷ, ಹಿಂದಕ್ಕೆ ಪಡೆಯಿತು. ಕಾರಣ ಮೇಲಿನ ಬಣ್ಣದಲ್ಲಿದ್ದ ಸೀಸ. ಅಗ್ಗದ ಸರಕು ಅದಾಗಿರಲಿಲ್ಲ; ಪ್ಲಾಸ್ಟಿಕ್ ಬೇಡವೆನ್ನುವ ಅಪ್ಪ ಅಮ್ಮಂದಿರು ಆರಿಸಿ, ಹೆಚ್ಚು ಹಣ ಕೊಟ್ಟು ಒಯ್ಯುತ್ತಿದ್ದ ಸಾಮಾನು. ಅದೇ ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿಯೂ ಲಕ್ಷಗಟ್ಟಲೆ ಆಟಿಕೆಗಳನ್ನು ಹಿಂಪಡೆಯಿತು. ಅಲ್ಲಿ ಗುತ್ತಿಗೆ ಹಿಡಿದ ಕಾರ್ಖಾನೆ ಒಪ್ಪಿಗೆ ಪಡೆಯದ ಬಣ್ಣವನ್ನು ಬಳಸಿತ್ತು. ಮಾದರಿ ಆಟಿಕೆ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಆಮೇಲೆ ಬಂದ ಒಂದು ಕಂತಿನ ಬಣ್ಣ ಎಲ್ಲವನ್ನೂ ಕೆಡಿಸಬಲ್ಲದು ಎನ್ನುವುದು ಆಗ ಎಲ್ಲರಿಗೂ ಅರ್ಥವಾಯಿತು.

ನಮ್ಮ ಸರ್ಕಾರ ಈ ಪಾಠ ಕಲಿತದ್ದು ಮೂರು ಹಂತದಲ್ಲಿ, ಸುಮಾರು ಹನ್ನೆರಡು ವರ್ಷ ತೆಗೆದುಕೊಂಡು. 2009ರ ಜನವರಿಯಲ್ಲಿ ಚೀನಾದ ಆಟಿಕೆಗಳಿಗೆ ಆರು ತಿಂಗಳ ನಿಷೇಧ ಹೇರಿತು. ಮಾರ್ಚ್ ಹೊತ್ತಿಗೆ ಅದನ್ನು ಸಡಿಲಿಸಿ, ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುತ್ತದೆ ಎಂಬ ಪ್ರಮಾಣಪತ್ರ ಇದ್ದರೆ ಬಿಡಬಹುದು ಎಂದಿತು. ಪ್ರಮಾಣಪತ್ರ ಕಾಗದ ತಾನೆ? ಒಂದು ಮಾದರಿಗೆ ಪಡೆದ ಕಾಗದ ಹತ್ತು ಕಂಟೈನರಿನ ಜೊತೆ ಬರಬಹುದು. ಭಾರತೀಯ ಗುಣಮಟ್ಟ ಮಂಡಳಿ ಮಾರುಕಟ್ಟೆಯಿಂದ ಆಟಿಕೆ ಕೊಂಡು ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟಾಗ, ನೂರಕ್ಕೆ 66.9ರಷ್ಟು ಆಮದು ಆಟಿಕೆಗಳು ನಪಾಸಾಗಿದ್ದವು. ಆ ವರ್ಷದ ಡಿಸೆಂಬರ್‌ನಲ್ಲಿ ಪ್ರತಿ ಕಂತಿನಿಂದಲೂ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂಬ ಆದೇಶ ಬಂತು. ಕೊನೆಗೆ 2020ರ ಫೆಬ್ರುವರಿ 25ರಂದು ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಬಿದ್ದು, 2021ರ ಜನವರಿ 1ರಿಂದ ಜಾರಿಯಾಯಿತು. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ಯಾವ ವಸ್ತುವೇ ಆಗಲಿ, ದೇಶದಲ್ಲಿ ಮಾಡಿದ್ದಾಗಲಿ ಹೊರಗಿನಿಂದ ತಂದದ್ದಾಗಲಿ, ಐಎಸ್‌ಐ ಗುರುತು ಇಲ್ಲದೆ ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಮಾರುವಂತಿಲ್ಲ, ಗೋದಾಮಿನಲ್ಲಿ ಇಡುವಂತೆಯೂ ಇಲ್ಲ.

ಈ ಆದೇಶದ ಜಾಣತನ ಇರುವುದು ಪರವಾನಗಿ ಯಾರ ಹೆಸರಿಗೆ ಎನ್ನುವುದರಲ್ಲಿ. ಆಮದು ಮಾಡಿಕೊಳ್ಳುವ ವ್ಯಾಪಾರಿಗೆ ಅದು ಸಿಗುವುದಿಲ್ಲ, ಸಿಗುವುದು ತಯಾರಿಸುವ ಕಾರ್ಖಾನೆಗೆ. ಹೊರದೇಶದ ಕಾರ್ಖಾನೆಯಾದರೆ ಅದು ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್‌ಗೆ ಅರ್ಜಿ ಹಾಕಬೇಕು. ಇಲ್ಲಿ ತನ್ನ ಪರವಾಗಿ ಹೊಣೆ ಹೊರುವ ಭಾರತದ ನಿವಾಸಿ ಪ್ರತಿನಿಧಿಯನ್ನು ನೇಮಿಸಬೇಕು, 10,000 ಡಾಲರಿನ ಬ್ಯಾಂಕ್ ಗ್ಯಾರಂಟಿ ಇಡಬೇಕು. ಬಿಐಎಸ್ ಅಧಿಕಾರಿಗಳು ಅಲ್ಲಿಗೇ ಹೋಗಿ ತಯಾರಿಕೆ, ಪರೀಕ್ಷಾ ಸೌಲಭ್ಯ, ಕಚ್ಚಾ ಸಾಮಗ್ರಿಯ ದಾಖಲೆ ನೋಡುತ್ತಾರೆ. ಮಾದರಿ ಪಾಸಾದರೆ ಪರವಾನಗಿ. ಆಮೇಲೂ ಕಾರ್ಖಾನೆಯಿಂದ, ಮಾರುಕಟ್ಟೆಯಿಂದ ಮಾದರಿ ತೆಗೆಯುವ ಹಕ್ಕು ಬ್ಯೂರೊಗೆ ಇರುತ್ತದೆ. ಬಣ್ಣದ ಡಬ್ಬಿ ಬದಲಾಗುವ ಜಾಗ ಕಾರ್ಖಾನೆಯಾದ್ದರಿಂದ ಕಾವಲೂ ಅಲ್ಲೇ ಇರಬೇಕು ಎನ್ನುವ ಈ ತರ್ಕ ಸರಿಯಾದದ್ದು. ಇದರ ಜೊತೆಗೆ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. 2018-19ರಲ್ಲಿ 37.1 ಕೋಟಿ ಡಾಲರಿನಷ್ಟಿದ್ದ ಆಟಿಕೆ ಆಮದು 2021-22ಕ್ಕೆ 11 ಕೋಟಿ ಡಾಲರಿಗೆ ಕುಸಿಯಿತು. ಸುರಕ್ಷತೆಯ ಹೆಸರಿನಲ್ಲಿ ದೇಶೀಯ ಉದ್ಯಮಕ್ಕೆ ಬೇಲಿ ಹಾಕಿದರು ಎಂದು ಆಮದುದಾರರು ಗೊಣಗುವುದುಂಟು. ಬೇಲಿ ಹೌದು. ಆದರೆ ನೂರಕ್ಕೆ 67 ನಪಾಸಾದ ಮೇಲೆ ಗೊಣಗಾಟಕ್ಕೆ ಹೆಚ್ಚು ಬೆಲೆ ಕೊಡಲಾಗದು.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ಈ ಗುರುತಿನ ಬೆಲೆ ಗೊತ್ತಾಗುತ್ತದೆ. ಮಾನಕದ ಹೆಸರು ಐಎಸ್ 9873. ಇದರಲ್ಲಿ ಹಲವು ಭಾಗಗಳಿವೆ. ಬಣ್ಣಕ್ಕೆ ಸಂಬಂಧಿಸಿದ್ದು ಮೂರನೆಯ ಭಾಗ. ಪ್ರಯೋಗಾಲಯದ ಸಹಾಯಕ ಆಟಿಕೆಯ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ, ಚೂಪಾದ ಅಲಗಿನಿಂದ ಕೆರೆದು ತೆಗೆಯುತ್ತಾನೆ. ಮರದ ಪುಡಿ ಸೇರದಂತೆ ಬರೀ ಬಣ್ಣವನ್ನು ಕೆರೆಯುವುದು ತಾಳ್ಮೆಯ ಕೆಲಸ, ಏಕೆಂದರೆ ಮರ ಬಣ್ಣವನ್ನು ಒಂದಿಷ್ಟು ಒಳಕ್ಕೆ ಎಳೆದುಕೊಂಡಿರುತ್ತದೆ. ಕೆರೆದದ್ದನ್ನು ಅರ್ಧ ಮಿಲಿಮೀಟರಿನ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗೆ ಮಾಡುತ್ತಾರೆ. ಬೊಂಬೆಯ ಹುಬ್ಬು, ತುಟಿಯಂಥ ಸಣ್ಣ ಗೆರೆಯಿಂದ 10 ಮಿಲಿಗ್ರಾಂ ಕೂಡ ಸಿಗದಿದ್ದರೆ ಆ ಬಣ್ಣ ಪರೀಕ್ಷೆಗೇ ಬರುವುದಿಲ್ಲ. ಸಿಕ್ಕ ಪುಡಿಯನ್ನು ಅದರ 50 ಪಟ್ಟು ತೂಕದ, ತೀರಾ ತಿಳಿಯಾದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ, 37 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಅಲುಗಿಸಿ, ಇನ್ನೊಂದು ಗಂಟೆ ಸುಮ್ಮನೆ ಬಿಡುತ್ತಾರೆ. ಮಗುವಿನ ಹೊಟ್ಟೆಯೊಳಗೆ ಬಣ್ಣದ ಚೂರು ಇರುವ ಸ್ಥಿತಿಯ ಅನುಕರಣೆ ಇದು. ನಂತರ ಸೋಸಿ, ಆಮ್ಲಕ್ಕೆ ಎಷ್ಟು ಲೋಹ ಬಿಟ್ಟುಕೊಂಡಿದೆ ಎಂದು ಅಳೆಯುತ್ತಾರೆ.

ಎಂಟು ಧಾತುಗಳಿಗೆ ಮಿತಿ ಇದೆ. ಕೆ.ಜಿ. ಬಣ್ಣಕ್ಕೆ ಸೀಸ 90 ಮಿಲಿಗ್ರಾಂ, ಕ್ಯಾಡ್ಮಿಯಂ 75, ಪಾದರಸ 60, ಕ್ರೋಮಿಯಂ 60, ಆರ್ಸೆನಿಕ್ 25. ಆಂಟಿಮನಿ, ಬೇರಿಯಂ, ಸೆಲೆನಿಯಂ ಉಳಿದವು. ಇಲ್ಲೊಂದು ಸಣ್ಣ ವಿಚಿತ್ರವಿದೆ. ಈ ವಿಧಾನದಲ್ಲಿ ಒಂದು ಪ್ರಯೋಗಾಲಯದ ಅಂಕಿ ಇನ್ನೊಂದರದಕ್ಕೆ ಪೂರ್ತಿ ತಾಳೆಯಾಗುವುದಿಲ್ಲ ಎಂಬ ಕಾರಣಕ್ಕೆ, ಬಂದ ಅಂಕಿಯಲ್ಲಿ ಸೀಸಕ್ಕೆ ಶೇ 30ರಷ್ಟು ಕಳೆಯಲು ಮಾನಕವೇ ಅವಕಾಶ ಕೊಡುತ್ತದೆ. ಅಂದರೆ ಯಂತ್ರ 120 ಎಂದು ತೋರಿಸಿದರೂ ಲೆಕ್ಕಕ್ಕೆ 84, ಪಾಸು. ಯುರೋಪು 2018ರ ಅಕ್ಟೋಬರ್‌ನಿಂದ ಕೆರೆದು ತೆಗೆದ ಬಣ್ಣದಲ್ಲಿನ ಸೀಸದ ಮಿತಿಯನ್ನು 23ಕ್ಕೆ ಇಳಿಸಿದೆ. ನಮ್ಮ ಮಕ್ಕಳ ರಕ್ತಹೀನತೆಯ ಅಂಕಿಯನ್ನು ನೋಡಿದರೆ ನಾವೂ 90ರಲ್ಲೇ ನಿಲ್ಲಬೇಕಾಗಿಲ್ಲ.

ಬಣ್ಣದ ಆಚೆಗೆ ಮರಕ್ಕೆ ಅದರದೇ ಕಾಟಗಳಿವೆ. ಸಿಬಿರು, ಚೂಪು ಅಂಚು, ಮೇಲೆದ್ದ ಮೊಳೆ. ಇವು ಮೊದಲನೆಯ ಭಾಗದ ವ್ಯಾಪ್ತಿ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಾದರೆ ಅದನ್ನು ಬೀಳಿಸುತ್ತಾರೆ, ತಿರುಚುತ್ತಾರೆ, ಎಳೆಯುತ್ತಾರೆ. ಕಳಚಿಕೊಂಡ ಯಾವ ಚೂರೂ 31.7 ಮಿಲಿಮೀಟರ್ ವ್ಯಾಸದ ಒಂದು ಲೋಹದ ಕೊಳವೆಯೊಳಗೆ ಪೂರ್ತಿ ಇಳಿಯಕೂಡದು. ಆ ಕೊಳವೆ ಮಗುವಿನ ಗಂಟಲಿನ ಅಳತೆಗೋಲು. ಮರದ ಆಟಿಕೆ ಇಲ್ಲಿ ಸೋಲುವುದು ಹೆಚ್ಚಾಗಿ ಗಾಲಿಯ ಗೂಟದಲ್ಲಿ. ತೇವದ ಹವೆಯಲ್ಲಿ ಕೂಡಿಸಿದ ಮರ ಒಣ ಹವೆಗೆ ಬಂದಾಗ ಕುಗ್ಗುತ್ತದೆ, ಬಿಗಿಯಾಗಿದ್ದ ಗೂಟ ಸಡಿಲಾಗುತ್ತದೆ. ದಕ್ಷಿಣ ಚೀನಾದ ಮಳೆಗಾಲದಲ್ಲಿ ತಯಾರಾದ ಬಂಡಿ ಮಾರ್ಚ್ ತಿಂಗಳ ದೊಡ್ಡಬಳ್ಳಾಪುರದ ಒಣಗಾಳಿಗೆ ಗಾಲಿ ಕಳಚಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಮನೆಯಲ್ಲೇ ಆಗಾಗ ಗಾಲಿ, ಗುಬುಟು, ಅಂಟಿಸಿದ ಕಣ್ಣುಗಳನ್ನು ಗಟ್ಟಿಯಾಗಿ ಎಳೆದು ನೋಡುವುದು ಯಾವ ಖರ್ಚೂ ಇಲ್ಲದ ಪರೀಕ್ಷೆ.

ಇಷ್ಟೆಲ್ಲ ಬಿಗಿ ಇದ್ದಮೇಲೂ ಗುರುತಿಲ್ಲದ ಮರದ ಸಾಮಾನು ಅಂಗಡಿಯಲ್ಲಿ ಕಾಣುವುದು ಹೇಗೆ? ಒಂದು ದಾರಿ ಹೆಸರಿನದು. ಕಸ್ಟಮ್ಸ್ ಪಟ್ಟಿಯಲ್ಲಿ ಆಟಿಕೆಗೆ 9503 ಎಂಬ ಶೀರ್ಷಿಕೆ, ಮರದ ಅಲಂಕಾರದ ವಸ್ತುಗಳಿಗೆ 4420, ಹಬ್ಬದ ಸಾಮಗ್ರಿಗೆ 9505. ಬಣ್ಣ ಬಳಿದ ಮರದ ಆನೆ ಮೇಜಿನ ಮೇಲಿಡುವ ಅಲಂಕಾರವೋ, ಮಗು ದಾರ ಕಟ್ಟಿ ಎಳೆಯುವ ಆಟಿಕೆಯೋ? ಅಲಂಕಾರ ಎಂದು ಬರೆಸಿದರೆ ಆಟಿಕೆಯ ಸುಂಕವೂ ಉಳಿಯಿತು, ಐಎಸ್‌ಐ ಗೋಜೂ ತಪ್ಪಿತು. ಹೊರದೇಶದ ಸಗಟು ಸಂತೆಯಲ್ಲಿ ಅಗ್ಗದ ಸರಕು ಕಂಡು ಆಸೆಪಟ್ಟ ಸಣ್ಣ ವ್ಯಾಪಾರಿಗೆ ಇಂಥ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಆದೇಶದ ವ್ಯಾಖ್ಯೆ ಮಾತ್ರ ಇದಕ್ಕೆ ಜಾಗ ಬಿಟ್ಟಿಲ್ಲ. ಆಟಕ್ಕೆಂದು 'ಮಾತ್ರವೇ' ಮಾಡಿರಬೇಕೆಂದಿಲ್ಲ, ಮಕ್ಕಳ ಆಟಕ್ಕೆ ಎಂಬ ಉದ್ದೇಶ ಸ್ಪಷ್ಟವಾಗಿ ಕಂಡರೆ ಸಾಕು. ಆನೆಗೆ ಗಾಲಿಯಿದ್ದು, ಮುಂದೆ ದಾರವಿದ್ದು, ಡಬ್ಬದ ಮೇಲೆ ಮಗುವಿನ ಚಿತ್ರವಿದ್ದರೆ ಬಿಲ್ ಆಫ್ ಎಂಟ್ರಿಯಲ್ಲಿ ಏನು ಬರೆದಿದ್ದರೇನು? ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿದರೆ ಸರಕು ಅಲ್ಲೇ ನಿಲ್ಲುತ್ತದೆ, ದಿನದ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ, ಕೊನೆಗೆ ವಾಪಸು ಕಳಿಸುವುದೋ ನಾಶ ಮಾಡಿಸುವುದೋ ಎಂಬ ಮಾತಿಗೆ ಬರುತ್ತದೆ. ಲಾಭ ನೋಡಹೋದವನಿಗೆ ಬಂಡವಾಳವೂ ದಕ್ಕುವುದಿಲ್ಲ.

ಎಲ್ಲ ಪೆಟ್ಟಿಗೆಯನ್ನೂ ಬಿಚ್ಚಿ ನೋಡಲು ಯಾವ ಕಸ್ಟಮ್ಸ್‌ಗೂ ಆಗುವುದಿಲ್ಲ. ಹಾಗೆ ನುಸುಳಿದ್ದು ಗೋದಾಮು ಸೇರಿ, 'ಕಿಡ್ಸ್ ರೂಮ್ ಡೆಕೋರ್' ಎಂಬ ಹೆಸರು ಕಳಚಿ, ಮಾರಾಟದ ಜಾಲತಾಣದಲ್ಲಿ ಮತ್ತೆ ಆಟಿಕೆಯಾಗುತ್ತದೆ. 2023ರ ಜನವರಿಯಲ್ಲಿ ಬಿಐಎಸ್ ದೇಶದ ವಿಮಾನ ನಿಲ್ದಾಣ, ಮಾಲ್‌ಗಳ ಹೆಸರಾಂತ ಮಳಿಗೆಗಳಲ್ಲೂ ಶೋಧ ನಡೆಸಿ 18,600 ಆಟಿಕೆಗಳನ್ನು ವಶಪಡಿಸಿಕೊಂಡಿತು. ಆಗಲೇ ದೊಡ್ಡ ಇ-ವಾಣಿಜ್ಯ ಕಂಪನಿಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸೂ ಹೋಯಿತು. 2025ರ ಮಾರ್ಚ್‌ನಲ್ಲಿ ದೆಹಲಿ ಮತ್ತು ತಮಿಳುನಾಡಿನ ಗೋದಾಮುಗಳಿಗೇ ಅಧಿಕಾರಿಗಳು ನುಗ್ಗಿದರು. ಬೆಂಗಳೂರಿನ ಬಿಐಎಸ್ ಶಾಖಾ ಕಚೇರಿ ಇರುವುದು ಪೀಣ್ಯದಲ್ಲಿ, ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯ ಮಗ್ಗುಲಲ್ಲೇ. ಅಂಗಡಿ ಮೇಲೆ ದಾಳಿ ಮಾಡುವುದಕ್ಕಿಂತ ಗೋದಾಮಿನಲ್ಲಿ ತಪಾಸಣೆ ಮಾಡುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಒಂದೇ ಗೋದಾಮಿನ ಮಾಲು ನೂರಾರು ಮನೆಗೆ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ತಪಾಸಣೆ ದೂರು ಬಂದಾಗಿನ ಕೆಲಸವಾಗದೆ ರೂಢಿಯ ಕೆಲಸವಾಗಬೇಕು. 2016ರ ಬಿಐಎಸ್ ಕಾಯ್ದೆ ಮೊದಲ ತಪ್ಪಿಗೆ ಕನಿಷ್ಠ ಎರಡು ಲಕ್ಷ, ಮತ್ತೆ ಮಾಡಿದರೆ ಕನಿಷ್ಠ ಐದು ಲಕ್ಷ ರೂಪಾಯಿ ದಂಡ ಎಂದಿತು. ಸರಕಿನ ಬೆಲೆಯ ಹತ್ತು ಪಟ್ಟಿನವರೆಗೂ ಅದು ಹೋಗಬಹುದು, ಎರಡು ವರ್ಷದವರೆಗೆ ಜೈಲೂ ಆಗಬಹುದು. ಕಾನೂನಿಗೆ ಹಲ್ಲಿಲ್ಲ ಎನ್ನುವಂತಿಲ್ಲ.

ಜಾತ್ರೆಯ ಮಾತು ಬೇರೆ. ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ರಥೋತ್ಸವಕ್ಕೆ, ಅಲ್ಲಿನ ದನಗಳ ಜಾತ್ರೆಗೆ ಹೋದವರು ಪೀಪಿ, ಬುಗುರಿ, ಗಿಲಕಿ, ಬಣ್ಣದ ಬಂಡಿ ಕೊಳ್ಳದೆ ಬಂದರೆ ಮಕ್ಕಳು ಬಿಡುತ್ತಾರೆಯೇ? ನೆಲದ ಮೇಲೆ ಟಾರ್ಪಾಲು ಹಾಸಿ ಮಾರುವವನು ಸಗಟು ಅಂಗಡಿಯಿಂದ ಒಂದು ಚೀಲ ತಂದವನು. ಅದು ಎಲ್ಲಿಂದ ಬಂತೆಂದು ಅವನಿಗೂ ತಿಳಿಯದು. ಅವನ ಚೀಲ ಕಿತ್ತುಕೊಂಡು ಪೌರುಷ ತೋರಿಸುವುದರಿಂದ ಏನೂ ಆಗದು, ಹಿಡಿಯಬೇಕಾದ್ದು ಅವನಿಗೆ ಚೀಲ ಕೊಟ್ಟವರನ್ನು. ಕೊಳ್ಳುವವರಿಗೆ ನಾನು ಹೇಳುವುದಿಷ್ಟೆ: ಗುರುತಿಲ್ಲದ, ಬಣ್ಣ ಬಳಿದ ಮರದ ಸಾಮಾನನ್ನು ಬಾಯಿಗೆ ಹಾಕುವ ವಯಸ್ಸಿನ ಮಗುವಿನ ಕೈಗೆ ಕೊಡಬೇಡಿ. ಉಗುರಿನಿಂದ ಗೀರಿದರೆ ಪುಡಿಯಾಗಿ ಬರುವ ಬಣ್ಣವಾದರೆ ದೊಡ್ಡ ಮಗುವಿಗೂ ಬೇಡ.

ಐಎಸ್‌ಐ ಗುರುತಿಲ್ಲದೆಯೂ ಕಾನೂನುಬದ್ಧವಾಗಿ ಮಾರಬಹುದಾದ ಮರದ ಆಟಿಕೆಗಳಿವೆ, ನಮ್ಮ ನೆರೆಯಲ್ಲೇ. ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯ ಚನ್ನಪಟ್ಟಣದವು. ಕೈಕಸುಬಿನವರು ಮಾಡುವ ಎರಡು ನೂರು ರೂಪಾಯಿಯ ಗೊಂಬೆಗೆ ಪ್ರಯೋಗಾಲಯದ ಖರ್ಚು ಹೊರಿಸಿದರೆ ಕಸುಬೇ ನಿಂತುಹೋಗುತ್ತದೆ ಎಂಬ ಕಾರಣಕ್ಕೆ, 2020ರ ಡಿಸೆಂಬರ್‌ನ ತಿದ್ದುಪಡಿ ಎರಡು ವರ್ಗಕ್ಕೆ ವಿನಾಯಿತಿ ಕೊಟ್ಟಿತು. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆ ಒಂದು, ಭೌಗೋಳಿಕ ಸೂಚಕ ಪಡೆದ ಉತ್ಪನ್ನದ ಅಧಿಕೃತ ಬಳಕೆದಾರರು ಮಾಡಿ ಮಾರುವುದು ಇನ್ನೊಂದು. ಚನ್ನಪಟ್ಟಣದ ಗೊಂಬೆಗೂ ಕಿನ್ನಾಳದ ಗೊಂಬೆಗೂ ಆ ಸೂಚಕ ಇದೆ.

ಚನ್ನಪಟ್ಟಣದಲ್ಲಿ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ, ಬಣ್ಣ ಬೆರೆಸಿದ ಅರಗಿನ ಕೋಲನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣ ಬೆರೆಸಿದ ಅರಗಾದರೆ ಇದಕ್ಕಿಂತ ನಿರುಪದ್ರವಿ ಹೊದಿಕೆ ಸಿಗುವುದು ಕಷ್ಟ. ಇಲ್ಲೂ ಒಂದು 'ಆದರೆ' ಇದೆ. ಅರಗಿಗೆ ಬೆರೆಸಿದ ಪುಡಿ ಯಾವುದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ವಿನಾಯಿತಿ ಸಿಕ್ಕಿರುವುದು ಪರೀಕ್ಷೆಯಿಂದ, ಸೀಸದ ಅಪಾಯದಲ್ಲಿ ರಿಯಾಯಿತಿ ಇಲ್ಲ. ಯುರೋಪಿಗೆ ರಫ್ತು ಮಾಡುವ ಘಟಕಗಳು ಅಲ್ಲಿನ ಮಾನಕದಂತೆ ಪರೀಕ್ಷೆ ಮಾಡಿಸಿಕೊಂಡೇ ಕಳಿಸುತ್ತವೆ. ಜಪಾನಿನ ಮಗುವಿಗೆ, ಜರ್ಮನಿಯ ಮಗುವಿಗೆ ಕೊಡುವ ಭರವಸೆಯನ್ನು ದೇವನಹಳ್ಳಿಯ ಮಗುವಿಗೂ ಕೊಡಬಹುದಲ್ಲ? ಸರ್ಕಾರ ಕುಶಲಕರ್ಮಿಗಳಿಗೆ ಬರೀ ವಿನಾಯಿತಿ ಕೊಟ್ಟು ಕೈತೊಳೆದುಕೊಳ್ಳುವ ಬದಲು, ಪರೀಕ್ಷಿಸಿದ ಬಣ್ಣದ ಪುಡಿಯನ್ನು ಸಹಾಯಧನದಲ್ಲಿ ಒದಗಿಸಿದ್ದರೆ ಗೊಂಬೆಯನ್ನು ಪರೀಕ್ಷಿಸುವ ಅಗತ್ಯವೇ ಕಡಿಮೆಯಾಗುತ್ತಿತ್ತು. ಇದಕ್ಕೆ ಆಗುವ ಖರ್ಚು ದೊಡ್ಡದೇನಲ್ಲ. ಇನ್ನು 'ಚನ್ನಪಟ್ಟಣ' ಎಂದು ಹೆಸರು ಹಚ್ಚಿ ಹೆದ್ದಾರಿ ಬದಿ ಮಾರುವ, ಎನಾಮಲ್ ಬಳಿದ ಸಾಮಾನಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಗೀರಿದಾಗ ಪದರವಾಗಿ ಏಳುವ ಬಣ್ಣ ಅರಗಿನದಲ್ಲ.

ಅಮೆರಿಕದಿಂದ ಬಂದ ಚಿಕ್ಕಪ್ಪ, ಜರ್ಮನಿಯಲ್ಲಿರುವ ಅತ್ತೆ ತಂದ ಆಟಿಕೆಯ ಮೇಲೆ ಐಎಸ್‌ಐ ಇರುವುದಿಲ್ಲ, ಇರಬೇಕೆಂದೂ ಇಲ್ಲ. ಅಮೆರಿಕದಲ್ಲಿ ಮಾರುವ ಮಕ್ಕಳ ಸಾಮಾನಿಗೆ ಮೂರನೆಯವರ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯ; ಬಣ್ಣದಲ್ಲಿ ಸೀಸದ ಮಿತಿ 2009ರಿಂದ ಅಲ್ಲೂ ಹತ್ತು ಲಕ್ಷಕ್ಕೆ 90 ಭಾಗ. ಯುರೋಪಿನ 'ಸಿಇ' ಗುರುತನ್ನು ಹೆಚ್ಚಿನ ಸಂದರ್ಭದಲ್ಲಿ ತಯಾರಕರು ತಾವೇ ಹಾಕಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿನ ಅಂಗಡಿಯಲ್ಲಿ ಕೊಂಡ ಆಟಿಕೆಯ ಮೇಲಿನ ಸಿಇಗೂ, ನಮ್ಮ ಜಾಲತಾಣದಲ್ಲಿ ತಯಾರಕರ ವಿಳಾಸವೇ ಇಲ್ಲದ ಡಬ್ಬದ ಮೇಲಿನ ಸಿಇಗೂ ಒಂದೇ ಬೆಲೆ ಕಟ್ಟಬೇಡಿ. ಅಜ್ಜನ ಕಾಲದ ಬಣ್ಣದ ತೊಟ್ಟಿಲು, ಅಟ್ಟದಿಂದ ಇಳಿಸಿದ ಮರದ ಕುದುರೆ ಇವುಗಳ ಬಗ್ಗೆಯೂ ಎಚ್ಚರ ಇರಲಿ. ಆ ಕಾಲದ ಬಣ್ಣಕ್ಕೆ ಮಿತಿಯೇ ಇರಲಿಲ್ಲ. ಅದನ್ನು ಮನೆಯೊಳಗೆ ಮರಳುಕಾಗದದಿಂದ ಉಜ್ಜಿ ಹೊಸ ಬಣ್ಣ ಬಳಿಯುವುದು ಇನ್ನೂ ಕೆಟ್ಟದ್ದು, ಸೀಸದ ಧೂಳು ಮನೆಯೆಲ್ಲ ಹರಡುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು ಹೀಗೆ. ಐಎಸ್‌ಐ ಮುದ್ರೆಯ ನೆತ್ತಿಯ ಮೇಲೆ ಐಎಸ್ 9873 ಎಂದಿರಬೇಕು, ವಿದ್ಯುತ್ತು ಅಥವಾ ಬ್ಯಾಟರಿಯಿಂದ ನಡೆಯುವ ಆಟಿಕೆಯಾದರೆ ಐಎಸ್ 15644. ಮುದ್ರೆಯ ಕೆಳಗೆ 'ಸಿಎಂ/ಎಲ್' ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಮುದ್ರೆ ಇದ್ದು ಸಂಖ್ಯೆ ಇಲ್ಲದಿದ್ದರೆ ಅದನ್ನು ಅನುಮಾನಿಸಿ. 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾವ ಕಾರ್ಖಾನೆಯದು, ಯಾವ ಉತ್ಪನ್ನಕ್ಕೆ, ಈಗ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ದೂರನ್ನೂ ಅದರಲ್ಲೇ ಕೊಡಬಹುದು. ಜಾಲತಾಣದಲ್ಲಿ ಕೊಳ್ಳುವವರು ಡಬ್ಬದ ಹಿಂಬದಿಯ ಚಿತ್ರ ಹಾಕದ ಮಾರಾಟಗಾರರನ್ನು ಬಿಟ್ಟುಬಿಡುವುದೇ ಮೇಲು.

ಕೊನೆಯದಾಗಿ ಒಂದು ಮಾತು ದಾನಿಗಳಿಗೆ. ಜಿಲ್ಲೆಯ ಕೈಗಾರಿಕೆಗಳು, ಅಪಾರ್ಟ್‌ಮೆಂಟ್ ಸಂಘಗಳು, ಊರಿನ ಹಳೆಯ ವಿದ್ಯಾರ್ಥಿಗಳು ಅಂಗನವಾಡಿಗಳಿಗೆ ಮರದ ಆಟಿಕೆಗಳನ್ನು ಕೊಡುವುದು ಈಚೆಗೆ ರೂಢಿಯಾಗಿದೆ, ಸಂತೋಷ. ಅಲ್ಲಿ ಆಡುವವರು ಆರು ವರ್ಷದೊಳಗಿನವರು, ರಕ್ತಹೀನತೆಯ ಪಟ್ಟಿಯಲ್ಲಿ ಮೊದಲು ನಿಲ್ಲುವವರು. ಆಟಿಕೆಯ ಜೊತೆ ಅದರ ಬಿಲ್ಲು, ಬಿಲ್ಲಿನ ಮೇಲೆ ಪರವಾನಗಿ ಸಂಖ್ಯೆ, ಚನ್ನಪಟ್ಟಣದ್ದಾದರೆ ಕುಶಲಕರ್ಮಿಯ ಗುರುತಿನ ಚೀಟಿಯ ಪ್ರತಿ ಕೊಡಿ. ಅಂಗನವಾಡಿ ಕಾರ್ಯಕರ್ತೆಯರು, ಮೇಲ್ವಿಚಾರಕಿಯರು ಅದನ್ನು ಕೇಳಿ ಪಡೆಯಲಿ. ಕೊಡದಿದ್ದರೆ ಆಟಿಕೆಯನ್ನು ವಾಪಸು ಕಳಿಸಲಿ.